ಉಬ್ಬಿದ ಕಂತು, ತಗ್ಗಿದ ಕಂತು

ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ದೆವ್ವಗಳ ವಿಚಾರಣೆ ನಡೆಯುತ್ತಿತ್ತು. ಅರ್ಧ ಇಳಿಸಿದ ಶಟರಿನಡಿ ಮೂರು ಜನ ದೊಡ್ಡವರು ಸೊಂಟ ಬಗ್ಗಿಸಿಕೊಂಡು ಒಳಗೆ ನುಸುಳುವುದನ್ನು ಕಂಡ ಬೀದಿಯವರು ಇಸ್ಪೀಟು ಇರಬೇಕು ಎಂದುಕೊಂಡಿದ್ದರು. ಇಸ್ಪೀಟಾಗಿದ್ದರೆ ಒಂದು ತೂಕವಾದರೂ ಇರುತ್ತಿತ್ತು. ಇವರು ಐದು ವರ್ಷದಿಂದ ಕೂತು ಗುದ್ದಾಡುತ್ತಿದ್ದುದು 'ಮುಚ್ಚಿದ ಮನೆಗಳು' ಎಂಬ ಒಂದೇ ಒಂದು ಟೀವಿ ಧಾರಾವಾಹಿಯ ಬಗ್ಗೆ. ಅದು ಪ್ರಸಾರವಾಗುವುದು ನಿಂತು, ಮಾಡಿದವರೇ ಮರೆತು, ಎಷ್ಟೋ ಕಾಲವಾಗಿತ್ತು.

ಅದರ ನಾಯಕ ಒಬ್ಬ ಬೀಗ ತೆಗೆಯುವವನು. ವಾರಸುದಾರರು ಕರೆದಲ್ಲಿಗೆ ಹೋಗಿ, ವರ್ಷಗಟ್ಟಲೆ ಮುಚ್ಚಿದ್ದ ಮನೆಯ ಬಾಗಿಲು ತೆಗೆಯುತ್ತಾನೆ. ಒಳಗೆ ಸತ್ತವರು ಯಾರೋ ಇನ್ನೂ ಹೋಗದೆ ಉಳಿದಿರುತ್ತಾರೆ. ಒಂದು ಕಂತಿಗೆ ಒಂದು ಮನೆ, ಒಂದು ದೆವ್ವ. ಒಟ್ಟು ತೊಂಬತ್ತೊಂದು ಕಂತು. ವಾರಕ್ಕೊಂದರಂತೆ ಎಲ್ಲರೂ ಮನೆಯಲ್ಲಿ ನೋಡಿಕೊಂಡು ಬರಬೇಕು, ಭಾನುವಾರ ಚರ್ಚೆ. ಹೀಗೆ ಎರಡು ಸುತ್ತು ಮುಗಿಸಿ ಮೂರನೆಯದರಲ್ಲಿದ್ದರು.

ಚರ್ಚೆಗೆ ಇದ್ದದ್ದು ಒಂದೇ ಪ್ರಶ್ನೆ: ಈ ಕಂತಿಗೆ ಸಿಕ್ಕ ಹೊಗಳಿಕೆ ಹೆಚ್ಚಾಯಿತೋ, ಕಡಿಮೆಯಾಯಿತೋ? ಒಬ್ಬೊಬ್ಬರಿಗೂ ಮೂರು ನಿಮಿಷ. ಆಮೇಲೆ ಮತ. ಮತ ಹಾಕುವುದು ಹಾಳಾದ ಲೆನ್ಸುಗಳಿಂದ. ಅರೆಯುವಾಗ ಅಂಚು ಒಡೆದದ್ದು, ಅಳತೆ ತಪ್ಪಿದ್ದು, ಗೀರು ಬಿದ್ದದ್ದು ಒಂದು ತಟ್ಟೆಯ ತುಂಬ ಇರುತ್ತಿದ್ದವು. ನಡು ಉಬ್ಬಿದ ಲೆನ್ಸು ಇರುವೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ನಡು ತಗ್ಗಿದ್ದು ಆಳೆತ್ತರದ ಮನುಷ್ಯನನ್ನೂ ಚಿಕ್ಕವನನ್ನಾಗಿ ಮಾಡುತ್ತದೆ. ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ ಕಂತಿಗೆ ಉಬ್ಬಿದ್ದು, ಯಾರೂ ಮೂಸಿ ನೋಡದ ಒಳ್ಳೆಯ ಕಂತಿಗೆ ತಗ್ಗಿದ್ದು. ಹೆಬ್ಬೆರಳಿನಲ್ಲಿ ನಡುವನ್ನು ಸವರಿ ಆರಿಸಿ, ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರಾಯಿತು.

ಬರುತ್ತಿದ್ದವರು ಮೂವರು. ಬೇಕರಿಯವರು ದೆವ್ವ ಬಂದಾಗಲೆಲ್ಲ ಹೆದರಿ ನಗುವ ಮನುಷ್ಯ. ಹಿಂದಿನ ದಿನ ಮಿಕ್ಕ ಬನ್ನುಗಳನ್ನು ತರುತ್ತಿದ್ದರು. ಟೀಚರಮ್ಮ ಭೂಗೋಳ ಕಲಿಸಿ ನಿವೃತ್ತರಾದವರು. ಪ್ರತಿ ಮನೆಯ ನಕ್ಷೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು, ದೆವ್ವ ಯಾವ ಬಾಗಿಲಿನಿಂದ ಬಂತು ಎಂಬುದಕ್ಕೆ ಕೆಂಪು ಬಾಣದ ಗುರುತು ಸಮೇತ. ಇನ್ನೊಬ್ಬ ಬಸ್ ಕಂಡಕ್ಟರ್. ವಾರವಿಡೀ ಕೂಗಿ ಕೂಗಿ, ಪುಟ್ಟ ಕೋಣೆಯಲ್ಲೂ ದನಿ ತಗ್ಗಿಸಲು ಬಾರದವನು. ನಾಲ್ಕನೆಯವನೇ ಅಂಗಡಿಯ ಯಜಮಾನ. ಬೀದಿಗೆ ಅವನು ಕನ್ನಡಕದವನು, ಈ ಕೋಣೆಯೊಳಗೆ ಮಾತ್ರ ಮೇಷ್ಟ್ರು.

ಆ ಬಿರುದು ಸುಮ್ಮನೆ ಬಂದದ್ದಲ್ಲ. ಹದಿನೇಳನೇ ಕಂತು ಇಡೀ ಧಾರಾವಾಹಿಯಲ್ಲೇ ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸಿದ್ದು. ಸತ್ತ ಮಗು ಮುಚ್ಚಿದ ಬಾಗಿಲ ಹಿಂದಿನಿಂದ ಅಮ್ಮನನ್ನು ಕರೆಯುತ್ತದೆ, ಅಮ್ಮ ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತಾಳೆ, ಪಿಟೀಲು. ಅದರ ಚರ್ಚೆಯ ದಿನ ಬೇಕರಿಯವರು ಕರವಸ್ತ್ರ ಕೈಯಲ್ಲಿ ಹಿಡಿದೇ ಬಂದಿದ್ದರು. ಆಗ ಕನ್ನಡಕದವನು ಹೇಳಿದ ಮಾತು ಇದು: "ಆ ಮಗು ಅದರ ಪಾಡಿಗೆ ಸತ್ತಿಲ್ಲ. ನಮ್ಮನ್ನ ಅಳಿಸೋಕೆ ಅಂತಾನೇ ಅದನ್ನ ಸಾಯಿಸಿದ್ದಾರೆ." ಬೇಕರಿಯವರು ಕರವಸ್ತ್ರ ಮಡಚಿ ಜೇಬಿಗಿಟ್ಟರು. ಡಬ್ಬದಲ್ಲಿ ನಾಲ್ಕಕ್ಕೆ ನಾಲ್ಕೂ ಉಬ್ಬಿದ ಲೆನ್ಸು.

ಇನ್ನೊಂದು ಐವತ್ತೆರಡನೆಯದು. ಅದನ್ನು ಕಂಡರೆ ಎಲ್ಲರಿಗೂ ಆಕಳಿಕೆ. ಆ ಮನೆಯಲ್ಲಿ ದೆವ್ವ ಕಾಣುವುದೇ ಇಲ್ಲ. ಹತ್ತು ವರ್ಷ ಮುಚ್ಚಿದ್ದ ಮನೆಯ ನೆಲ ದಿನಾ ಬೆಳಿಗ್ಗೆ ಒರೆಸಿದಂತಿರುತ್ತದೆ, ಅಷ್ಟೆ. ಬೀಗದವನು ಮೂರು ದಿನ ಕಾದು, ಏನೂ ಸಿಗಲಿಲ್ಲವೆಂದು ಹೊರಟುಹೋಗುತ್ತಾನೆ. ಕನ್ನಡಕದವನು ಅವತ್ತು ಎದ್ದು ನಿಂತು ಹೇಳಿದ: "ಮೂಲೇಲಿ ಒಂದು ನೀಲಿ ಬಕೆಟ್ ಇದೆ, ನೋಡಿದ್ರಾ? ದಿನಾ ಬೇರೆ ಜಾಗದಲ್ಲಿರುತ್ತೆ. ಆ ಮನೇಲಿ ಉಳ್ಕೊಂಡಿರೋದು ಯಜಮಾನನೂ ಅಲ್ಲ, ಯಜಮಾನಿಯೂ ಅಲ್ಲ, ನೆಲ ಒರೆಸ್ತಿದ್ದವಳು. ಬೀಗದವನು ಅವಳು ಒರೆಸಿದ ನೆಲದ ಮೇಲೆ ಬೂಟುಗಾಲಲ್ಲಿ ಓಡಾಡ್ಕೊಂಡು ದೆವ್ವ ಹುಡುಕ್ತಾನೆ. ಒರೆಸಿದ್ದು ಯಾರು ಅಂತ ಒಂದ್ಸಲವೂ ಕೇಳಲ್ಲ. ನಾವೂ ಕೇಳಲಿಲ್ಲ. ಭಯ ಪಡಬೇಕಾದ್ದು ಅದಕ್ಕೆ." ಚಪ್ಪಾಳೆ ಬಿತ್ತು. ಟೀಚರಮ್ಮ ಪುಸ್ತಕ ಮುಚ್ಚಿ, "ಇವತ್ತಿಂದ ನೀವು ನಮಗೆಲ್ಲ ಮೇಷ್ಟ್ರು" ಎಂದರು. ಬಿರುದು ಅಂಟಿದ್ದು ಆವಾಗ.

ಎರಡೂ ಮಾತು ಅವನವಲ್ಲ. ಐದು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಆಡಿದ ಒಂದು ಒಳ್ಳೆಯ ಮಾತೂ ಅವನದಲ್ಲ. ಎಲ್ಲ ಅವನ ಅಕ್ಕನವು.

ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ನೆಲಮಾಳಿಗೆ, ಹಬೆ, ಹಂಡೆಗಳಂಥ ಯಂತ್ರಗಳು. ಬಂದ ಹಾಸಿಗೆ ಬಟ್ಟೆಗಳನ್ನು ಕಲೆ ನೋಡಿ ಬೇರೆ ಬೇರೆ ಗುಡ್ಡೆ ಮಾಡುವುದು, ಬಿಸಿ ಉರುಳೆಯಿಂದ ಹೊರಬಂದ ಚಾದರವನ್ನು ಎದುರುಬದುರು ನಿಂತು ಮಡಚುವುದು. ಇಪ್ಪತ್ತು ವರ್ಷ ಕಲೆ ಹುಡುಕಿದ ಕಣ್ಣು ಅವಳದು. ಅವಳ ಮುಂದೆ ಒಂದು ಕಂತು ಓಡಿತೆಂದರೆ ಮೂಲೆಯ ಬಕೆಟ್ಟೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಭಾನುವಾರ ಅವಳಿಗೆ ಪಾಳಿ. ಆದ್ದರಿಂದ ಶನಿವಾರ ಮಧ್ಯಾಹ್ನದ ಇಪ್ಪತ್ತು ನಿಮಿಷದ ಬಿಡುವಿನಲ್ಲಿ, ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಫೋನ್ ಮಾಡುತ್ತಿದ್ದಳು. "ಲೋ ಮರಿ, ನೋಡಿದ್ಯಾ? ಏನನ್ನಿಸ್ತು?" ಎಂದು ಕೇಳಿ, ಅವನ ಉತ್ತರಕ್ಕೆ ಕಾಯುವಷ್ಟು ತಾಳ್ಮೆಯಿಲ್ಲದೆ ತಾನೇ ಶುರುಮಾಡುತ್ತಿದ್ದಳು. ಹಿಂದೆ ಯಂತ್ರಗಳ ಗುಂಯ್ ಸದ್ದು. ನಲವತ್ತೆರಡರ ತಮ್ಮ ಅವಳ ಬಾಯಲ್ಲಿ ಇನ್ನೂ ಮರಿಯೇ.

ಮೊದಲ ಸಲ ಕದಿಯಬೇಕೆಂದು ಕದ್ದದ್ದಲ್ಲ, ಅಷ್ಟು ನ್ಯಾಯ ಅವನಿಗೆ ಸಲ್ಲಬೇಕು. 'ನಮ್ಮಕ್ಕ ಹೇಳ್ತಿದ್ಲು' ಎಂದೇ ಶುರುಮಾಡುವವನಿದ್ದ. ಅಷ್ಟರಲ್ಲಿ ಕಂಡಕ್ಟರ್ ಏನೋ ಕೂಗಿದ, ಟೀ ಬಂತು, ಆ ಎರಡು ಪದ ಗಂಟಲಲ್ಲೇ ಉಳಿದವು, ಮಿಕ್ಕದ್ದು ಹೊರಗೆ ಬಂತು. ಎಲ್ಲರೂ ಅವನತ್ತ ಬೆರಗಿನಿಂದ ನೋಡಿದರು. ಇಡೀ ಬದುಕಿನಲ್ಲಿ ಅವನನ್ನು ಯಾರೂ ಹಾಗೆ ನೋಡಿರಲಿಲ್ಲ. ಜನ ಅವನ ಮುಂದೆ ಕೂತು ನೋಡುತ್ತಿದ್ದುದು ಅಕ್ಷರದ ಹಲಗೆಯನ್ನೋ, ಕನ್ನಡಿಯಲ್ಲಿ ತಮ್ಮದೇ ಮೂತಿಯನ್ನೋ. ಮುಂದಿನ ವಾರ ಸರಿಪಡಿಸೋಣ ಎಂದುಕೊಂಡ. ಮುಂದಿನ ವಾರ ಅಕ್ಕ ಇನ್ನೂ ಒಳ್ಳೆಯದೊಂದು ಮಾತು ಹೇಳಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಭಾನುವಾರ ಸಂಜೆ ಅವನೇ ಅಕ್ಕನಿಗೆ ಸಂದೇಶ ಕಳಿಸುತ್ತಿದ್ದ: 'ನಿನ್ನ ಮಾತು ಎಲ್ಲರಿಗೂ ಹಿಡಿಸ್ತು. ಬಕೆಟ್ ವಿಷಯಕ್ಕೆ ಚಪ್ಪಾಳೆ ತಟ್ಟಿದ್ರು.' ಸುಳ್ಳಲ್ಲ ನೋಡಿ, ಒಂದೊಂದು ಅಕ್ಷರವೂ ನಿಜ. ಇಂಥ ನಿಜವನ್ನು ಹೇಳುವುದಕ್ಕೆ ಸುಳ್ಳಿಗಿಂತ ಹೆಚ್ಚಿನ ಚಾಲಾಕಿ ಬೇಕು. ಅಕ್ಕ ಅದನ್ನು ಓದಿ, ಚಾದರ ಮಡಚುವ ಜೊತೆಗಾತಿಗೂ ಓದಿ ಹೇಳಿ, ಊರಿನ ಆ ತುದಿಯ ಒಂದು ಕೋಣೆಯಲ್ಲಿ ತನ್ನ ಪರಿಚಯದ ಮೂವರಿದ್ದಾರೆ ಎಂದು ಐದು ವರ್ಷ ನಂಬಿಕೊಂಡಿದ್ದಳು.

ಆಮೇಲೆ ಆಸ್ಪತ್ರೆಗೆ ಹೊಸ ಮೇಲ್ವಿಚಾರಕಿ ಬಂದಳು. ಪಾಳಿಯ ಪಟ್ಟಿ ಬದಲಾಯಿಸಿದಳು. ಅಕ್ಕನಿಗೆ ಭಾನುವಾರ ರಜೆ ಸಿಕ್ಕಿತು.

"ಮರಿ, ಈ ಭಾನುವಾರ ನಾನೂ ಬರ್ತೀನಿ ಕಣೋ! ಅದೂ ಯಾವ ಕಂತು ನೋಡು, ಐವತ್ತೆರಡು! ನಂದೇ ಕಂತು!"

ಕನ್ನಡಕದವನ ಕೈಯಲ್ಲಿದ್ದ ಲೆನ್ಸು ಅರೆಯುವ ಕಲ್ಲಿಗೆ ಓರೆಯಾಗಿ ತಾಗಿ ಅಂಚು ಹಾರಿತು. "ಅಯ್ಯೋ, ಇಲ್ಲಿ ಕೂರೋಕೂ ಜಾಗ ಇಲ್ಲ ಅಕ್ಕಾ" ಎಂದ.

"ನಿಂತ್ಕೊಂಡೇ ಮಾತಾಡ್ತೀನಿ. ಇಪ್ಪತ್ತು ವರ್ಷದಿಂದ ಇನ್ನೇನ್ ಮಾಡಿದ್ದೀನಿ?" ಎಂದು ನಕ್ಕಳು.

ಆ ವಾರವಿಡೀ ಅವನು ಲೆಕ್ಕ ಹಾಕಿದ. ಮೂವರಿಗೂ ಮೊದಲೇ ಫೋನ್ ಮಾಡಿ ಹೇಳಿಬಿಡಬಹುದು. ಅಕ್ಕನಿಗೆ ಹೇಳಿಬಿಡಬಹುದು. ಈ ವಾರ ಅಂಗಡಿಯಲ್ಲಿ ನೀರು ಸೋರಿದೆ ಎಂದು ಸಭೆಯನ್ನೇ ಮುಂದೂಡಬಹುದು. ಮೂರರಲ್ಲಿ ಅವನಿಗೆ ಹಿಡಿಸಿದ್ದು ಮೂರನೆಯದು. ಅದಕ್ಕೂ ಧೈರ್ಯ ಸಾಲದೆ ಭಾನುವಾರ ಬಂದೇಬಿಟ್ಟಿತು.

ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆಗೂದಲಿಗೆ ಹೊಸ ಕ್ಲಿಪ್ಪು ಸಿಕ್ಕಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು, ಬಹಳ ದಿನದ ನಂತರ ನೆಂಟರ ಮನೆಗೆ ಬಂದವರ ಹಾಗೆ ಮೂವರನ್ನೂ ನೋಡಿ ನಕ್ಕು, "ನಾನೇ, ಇವನ ಅಕ್ಕ" ಎಂದಳು. ಆ 'ನಾನೇ'ಯಲ್ಲಿ ಐದು ವರ್ಷದ ಸಲಿಗೆ ಇತ್ತು.

ಬೇಕರಿಯವರು ಎದ್ದು ಸ್ಟೂಲು ಕೊಟ್ಟರು. "ಓಹೋ! ಮೇಷ್ಟ್ರಿಗೆ ಅಕ್ಕ ಬೇರೆ ಇದ್ದಾರಾ? ಹೇಳೇ ಇರ್ಲಿಲ್ಲ! ನೀವೂ ನೋಡ್ತೀರಾ ಇದನ್ನ?"

ಅಕ್ಕನ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ತಮ್ಮನ ಕಡೆ ತಿರುಗಿತು. ಅವನು ಟೀ ಲೋಟಗಳನ್ನು ಎಣಿಸುತ್ತಿದ್ದ. ಐದು ಲೋಟ ಎಣಿಸಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬಹಳ ಹೊತ್ತು ಎಣಿಸಿದ.

"ನೋಡ್ತೀನಿ" ಎಂದಳು ಅಕ್ಕ. "ಸ್ವಲ್ಪ ಸ್ವಲ್ಪ."

ಹೊಸಬರೆಂದು ಮೊದಲ ಮೂರು ನಿಮಿಷ ಅವಳಿಗೇ ಕೊಟ್ಟರು. ಅವಳು ಎದ್ದು, ಎರಡೂ ಕೈಯನ್ನು ಮುಂದೆ ಹಿಡಿದು, ಕಾಣದ ಚಾದರವೊಂದನ್ನು ಮಡಚುತ್ತಿರುವವಳ ಹಾಗೆ ಮಾತು ಶುರುಮಾಡಿದಳು. "ಮೂಲೇಲಿ ಒಂದು ನೀಲಿ ಬಕೆಟ್ ಇದೆ. ಅದು ದಿನಾ ಬೇರೆ ಜಾಗದಲ್ಲಿರುತ್ತೆ..."

ಕಂಡಕ್ಟರ್ ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕ. "ಅಮ್ಮಾ, ಇದು ನಮ್ಮ ಮೇಷ್ಟ್ರ ಡೈಲಾಗು! ನಾಲ್ಕು ವರ್ಷದ ಹಿಂದಿನದು! ನಮಗೆಲ್ಲ ಬಾಯಿಪಾಠ!"

"ಮನೇಲಿ ಕೇಳಿ ಕೇಳಿ ನಿಮಗೂ ಬಂದಿರಬೇಕು" ಎಂದರು ಟೀಚರಮ್ಮ ಮೃದುವಾಗಿ. "ಪರವಾಗಿಲ್ಲ, ನಿಮ್ಮದೇ ಅಂತ ಏನಾದ್ರೂ ಇದ್ರೆ ಹೇಳಿ."

ಭೂಮಿ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ಕನ್ನಡಕದವನಿಗೆ ಅದು ಮಾತಿನ ಮಾತಾಗಿ ಉಳಿಯಲಿಲ್ಲ. ನಿಜಕ್ಕೂ ನೆಲವನ್ನೇ ನೋಡಿದ. ಹೇಳಲು ಒಂದೇ ಒಂದು ವಾಕ್ಯವಿತ್ತು. ಅದನ್ನು ಹೇಳಲು ಅವನಿಗೆ ಪೂರ್ತಿ ಎರಡು ಕ್ಷಣದ ಸಮಯವೂ ಸಿಕ್ಕಿತ್ತು. ಅವನು ಬಾಯಿ ತೆರೆದ. ಬಂದದ್ದು ನಗು. "ಏನ್ ಮಾಡೋದು, ಅಕ್ಕನ ತಲೆ ತಿಂದು ತಿಂದು ಈ ಗತಿ ಬಂದಿದೆ" ಎಂದ.

ಎಲ್ಲರೂ ನಕ್ಕರು. ಅಕ್ಕ ಒಂದು ಕ್ಷಣ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದವನು ಇವನು, ಪೆಟ್ಟು ತಿಂದವಳು ಅವಳು. ಆಗಲೂ ಅವಳ ಮುಖ ಹೀಗೇ ಇದ್ದಿರಬೇಕು.

"ಹೌದು" ಎಂದಳು. "ಅವನೇ ಹೇಳ್ಕೊಟ್ಟಿದ್ದು." ಮತ್ತೆ ಕೂತಳು. ಅವಳ ಮೂರು ನಿಮಿಷದಲ್ಲಿ ಎರಡೂಕಾಲು ನಿಮಿಷ ಹಾಗೇ ಉಳಿದಿತ್ತು.

ಸಭೆ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದ. ಅಕ್ಕ ಬನ್ನು ಮೆತ್ತಗಿತ್ತು ಎಂದಳು. ಟೀಚರಮ್ಮನ ಅಕ್ಷರ ಮುದ್ದಾಗಿದೆ ಎಂದಳು. ಬಸ್ಸು ತಿರುವಿನಲ್ಲಿ ಕಂಡಾಗ, ಅವನತ್ತ ತಿರುಗದೆ ಕೇಳಿದಳು: "ಬಕೆಟ್ ವಿಷಯಕ್ಕೆ ಚಪ್ಪಾಳೆ ತಟ್ಟಿದ್ರು ಅಂತ ಕಳಿಸಿದ್ಯಲ್ಲ ಮರಿ, ಅದು ಯಾರಿಗೆ ತಟ್ಟಿದ್ದು?"

"ನಿನಗೇ ಅಕ್ಕಾ."

"ಸರಿ" ಎಂದು ಬಸ್ಸು ಹತ್ತಿದಳು.

ಆಮೇಲಿನ ದಿನಗಳಲ್ಲಿ ಕನ್ನಡಕದವನಿಗೆ ಅನ್ನ ರುಚಿಸಲಿಲ್ಲ. ಒಬ್ಬರ ಎಡಗಣ್ಣಿನ ಲೆನ್ಸನ್ನು ಇನ್ನೊಬ್ಬರ ಬಲಗಣ್ಣಿಗೆ ಕೂರಿಸಿ ಬೈಸಿಕೊಂಡ. ಹೆಂಡತಿ ಏನಾಯಿತೆಂದು ಕೇಳಿದರೆ ಅಜೀರ್ಣ ಎಂದ. ಆ ನಗು, ತಾನೇ ನಕ್ಕ ಆ ನಗು, ಗಿರಾಕಿಯ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಪಡಿಸುತ್ತಿರುವಾಗ ಇದ್ದಕ್ಕಿದ್ದ ಹಾಗೆ ನೆನಪಾಗಿ ಮುಖ ಬಿಸಿಯಾಗುತ್ತಿತ್ತು. ಅವನಿಗೆ ನಾಚಿಕೆಯಾಗುತ್ತಿತ್ತು. ಕದ್ದದ್ದಕ್ಕಿಂತ ಹೆಚ್ಚಾಗಿ, ಕದ್ದ ವಸ್ತುವಿನ ಒಡತಿಯನ್ನೇ ಕಳ್ಳಿ ಮಾಡಿ ಕೂರಿಸಿದ್ದಕ್ಕೆ. ಶನಿವಾರ ಫೋನ್ ಬಂತು. ಅಕ್ಕ ಆ ವಾರದ ಕಂತಿನ ಸುದ್ದಿಯೇ ಎತ್ತಲಿಲ್ಲ. "ನಾಳೆ ಮನೇಲಿ ಕೆಲಸ ಇದೆ, ಬರಲ್ಲ" ಎಂದಳು.

ಆ ಭಾನುವಾರ ಅವನ ಸರದಿ ಬಂದಾಗ ಅವನು ಕಂತಿನ ಬಗ್ಗೆ ಮಾತಾಡಲಿಲ್ಲ.

"ಬಕೆಟ್ಟಿನ ಮಾತು ಅಕ್ಕನದು" ಎಂದ. "ನಂದಲ್ಲ. ಮಗೂದೂ ಅವಳದೇ. ಎಲ್ಲಾ ಅವಳದೇ. ಶನಿವಾರ ಫೋನಲ್ಲಿ ಕೇಳ್ಕೊಂಡು ಭಾನುವಾರ ಇಲ್ಲಿ ಹೇಳ್ತಿದ್ದೆ."

ಆಮೇಲೆ ಆದದ್ದು ಅವನು ಎಣಿಸಿಯೇ ಇರದದ್ದು. ಟೀಚರಮ್ಮನ ಕಣ್ಣು ಒದ್ದೆಯಾಯಿತು. "ಎಷ್ಟು ದೊಡ್ಡ ಮನಸ್ಸು ನಿಮ್ಮದು! ಹೋದ ವಾರ ಅವರಿಗೆ ಬೇಜಾರಾಯ್ತು ಅಂತ ತಾನೆ ಹೀಗೆ ಹೇಳ್ತಿರೋದು?"

"ಅದಕ್ಕೇ ಮೇಷ್ಟ್ರು ಅನ್ನೋದು!" ಎಂದು ಕಂಡಕ್ಟರ್ ಮೇಜು ಗುದ್ದಿದ.

ನೋಡಿ ಅವನ ಕರ್ಮ. ತಪ್ಪೊಪ್ಪಿಕೊಂಡದ್ದಕ್ಕೂ ಹೊಗಳಿಕೆ ಸಿಕ್ಕಿತು! ಒಪ್ಪಿಕೊಂಡು ಸುಮ್ಮನಾಗಿಬಿಟ್ಟರೆ ಸಾಕು, ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು. ಒಂದು ಗಳಿಗೆ ಅವನ ಮನಸ್ಸು ಅತ್ತ ವಾಲಿದ್ದೂ ಹೌದು. ಇದನ್ನು ಅವನು ಮುಂದೆ ಯಾರಿಗೂ ಹೇಳಲಿಲ್ಲ.

"ಇಲ್ಲ" ಎಂದ. "ಐವತ್ತೆರಡನ್ನ ನಾನು ಪೂರ್ತಿ ನೋಡೇ ಇಲ್ಲ. ಮೂರು ಸುತ್ತಲ್ಲೂ ಅರ್ಧಕ್ಕೆ ನಿದ್ದೆ ಬಂತು. ಬಕೆಟ್ ನಾನು ಕಣ್ಣಾರೆ ಕಂಡಿಲ್ಲ. ಎರಡನೇ ದಿನ ಅದು ಎಲ್ಲಿತ್ತು ಅಂತ ಕೇಳಿ, ಹೇಳ್ತೀನೇನೋ ನೋಡೋಣ."

ಟೀಚರಮ್ಮ ಪುಸ್ತಕ ತೆಗೆದು, ಆ ಮನೆಯ ನಕ್ಷೆಯ ಮೇಲೆ ಬೆರಳಿಟ್ಟು ಕಾದರು. ಅವನಿಗೆ ಗೊತ್ತಿರಲಿಲ್ಲ.

"ಮತ್ತೆ ಆ ಹದಿನೇಳನೇದು..." ಅವನಿಗೆ ಕಳ್ಳತನ ಒಪ್ಪಿಕೊಳ್ಳುವುದಕ್ಕಿಂತ ಇದೇ ಕಷ್ಟವಾಯಿತು. "ಆ ಮಗು ಅಮ್ಮಾ ಅಂದಾಗ ನಾನು ಪ್ರತಿ ಸಲ ಗೊಳೋ ಅಂತ ಅತ್ತಿದ್ದೀನಿ. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ. ನನಗೆ ಇಷ್ಟವಾದ ಕಂತು ಅದೊಂದೇ. ನೀವು ಕರವಸ್ತ್ರ ಹಿಡ್ಕೊಂಡು ಬಂದಾಗ ನಿಮಗೆ ನಾಚಿಕೆ ಆಗೋ ಹಾಗೆ ಮಾಡಿದೆನಲ್ಲ, ಅವತ್ತು ನನ್ನ ಜೇಬಲ್ಲೂ ಒಂದಿತ್ತು."

ಈಗ ನಂಬಿದರು. ಮರ್ಯಾದೆ ಹೆಚ್ಚಿಸಿಕೊಳ್ಳಲು ಯಾರೂ ಇಂಥದ್ದನ್ನು ಹೇಳುವುದಿಲ್ಲ. ಬೇಕರಿಯವರ ಕಿವಿ ಕೆಂಪಾಯಿತು. ಐದು ವರ್ಷದಿಂದ ಆ ಕಂತನ್ನು ಅವರು ಮತ್ತೆ ಅಳದೆ ನೋಡಲು ಯತ್ನಿಸುತ್ತಿದ್ದರು. ಕಂಡಕ್ಟರ್ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದ. "ಹೋದ ವಾರ ಆಯಮ್ಮನ ಮಾತು ಕಿತ್ಕೊಂಡು ನಾನು ನಕ್ಕೆನಲ್ರೀ. ನನ್ನ ಕೈಲಿ ನಗಿಸಿಬಿಟ್ರಲ್ಲ ನೀವು."

ಅವತ್ತು ಮತ ಹಾಕಲಿಲ್ಲ. ಹೋಗುವಾಗ ಟೀಚರಮ್ಮ, "ಅವರನ್ನ ಮುಂದಿನ ವಾರ ಕರ್ಕೊಂಡು ಬನ್ನಿ. ಐವತ್ತೆರಡನ್ನೇ ಇನ್ನೊಂದ್ಸಲ ಇಟ್ಕೊಳ್ಳೋಣ" ಎಂದರು. ಮೇಷ್ಟ್ರೇ ಎಂದು ಕರೆಯಲಿಲ್ಲ.

ಇಷ್ಟೆಲ್ಲ ಆದಮೇಲೆ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳುವುದು ಎಷ್ಟು ಹೊತ್ತಿನ ಕೆಲಸ? ಅವನು ಫೋನ್ ಮಾಡಿದ. "ಅಕ್ಕಾ, ಅವರೆಲ್ಲ ನಿನ್ನ ಮಾತು ಕೇಳಬೇಕಂತೆ, ಬರಲೇಬೇಕಂತೆ" ಎಂದ. ಅಷ್ಟೇ ಎಂದ. ಪರರ ಮುಂದೆ ಬಟ್ಟೆ ಬಿಚ್ಚಿ ನಿಂತವನಿಗೆ ಹೆತ್ತ ತಾಯಿಯ ಹಾಗೆ ಸಾಕಿದವಳ ಮುಂದೆ ಒಂದು ಗುಂಡಿ ಬಿಚ್ಚಲಾಗಲಿಲ್ಲ. ಅಲ್ಲಿಗೆ ಬಂದರೆ ತಾನೇ ತಿಳಿಯುತ್ತದೆ, ಯಾರಾದರೂ ಹೇಳುತ್ತಾರೆ ಎಂದು ಜಾರಿಕೊಂಡ. ಅಕ್ಕ, "ನಿನಗೆ ಬೇಕಾ ನಾನು ಬರೋದು?" ಎಂದು ಕೇಳಿದಳು. ಬೇಕು ಎಂದ. ಅದು ನಿಜವಾಗಿತ್ತು.

ಈ ಸಲ ಅವಳು ಕೆಲಸಕ್ಕೆ ಹಾಕುವ ಬಟ್ಟೆಯಲ್ಲೇ ಬಂದಳು. ಮೂವರೂ ಎದ್ದು ನಿಂತರು. ಅದು ಅತಿಯಾಯಿತು ಎನಿಸಿ ಮತ್ತೆ ಕೂತರು. ಬೇಕರಿಯವರು ತಾಜಾ ಬನ್ನು ತಂದಿದ್ದರು. ಕಂಡಕ್ಟರ್ ಅವಳಿಗೆ ತನ್ನ ಸ್ಟೂಲು ಬಿಟ್ಟು ಅರೆಯುವ ಯಂತ್ರಕ್ಕೆ ಒರಗಿ ನಿಂತ. ಟೀಚರಮ್ಮ ಹೇಳಿದರು, "ಐವತ್ತೆರಡರ ಬಗ್ಗೆ ನೀವೇ ಹೇಳಬೇಕು. ಎಷ್ಟು ಹೊತ್ತು ಬೇಕಾದ್ರೂ."

ಅಕ್ಕ ತಮ್ಮನ ಕಡೆ ಒಮ್ಮೆ ನೋಡಿದಳು. ಅವನು ಅವಳಿಗೆ ಏನನ್ನೂ ಹೇಳಿರಲಿಲ್ಲವಲ್ಲ, ಅವಳಿಗೆ ಕಂಡದ್ದು ಬೇರೆಯೇ: ತಮ್ಮ ಇಳಿದುಹೋಗಿದ್ದಾನೆ, ಬಾಯಿ ಒಣಗಿಸಿಕೊಂಡು ಕೂತಿದ್ದಾನೆ, ಅಕ್ಕ ಬಾಯಿ ತೆರೆದರೆ ತನ್ನ ಗುಟ್ಟು ಹೊರಬೀಳುತ್ತದೆಂದು ಹೆದರಿದ್ದಾನೆ. ಅವಳು ಗಂಟಲು ಸರಿಮಾಡಿಕೊಂಡಳು. ಮುಖಕ್ಕೆ ಒಂದು ನಗು ತಂದುಕೊಂಡಳು.

"ನಂದೇನಿದೆ ಹೇಳೋಕೆ? ನಾನು ಬಟ್ಟೆ ಒಗೆಯೋಳು, ನನಗೆ ಇದೆಲ್ಲ ಎಲ್ಲಿ ತಿಳಿಯುತ್ತೆ. ಎಲ್ಲ ನಮ್ಮ ಮರಿ ಹೇಳಿದ್ದೇ. ಅವನು ಚಿಕ್ಕೋನಿದ್ದಾಗಿಂದಲೂ ಹಾಗೇ, ಏನ್ ನೋಡಿದ್ರೂ ಅದರ ಹಿಂದಿರೋದು ಅವನಿಗೆ ಕಾಣುತ್ತೆ. ನೀವು ಅವನನ್ನ ಮೇಷ್ಟ್ರು ಅಂತೀರಲ್ಲ, ನನಗೆ ಎಷ್ಟು..."

ಯಾರೂ ಅವಳ ಮುಖ ನೋಡಲಿಲ್ಲ. ಬೇಕರಿಯವರು ಬನ್ನಿನ ಚೀಲದ ದಾರ ಗಂಟು ಹಾಕಿದರು, ಬಿಚ್ಚಿದರು. ಟೀಚರಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಒಂದೊಂದು ಮಾತು ಸೇರಿಸಿದಂತೆಲ್ಲ ಕನ್ನಡಕದವನಿಗೆ ಕೂತ ಜಾಗದಲ್ಲೇ ಚರ್ಮ ಸುಲಿದಂತಾಗುತ್ತಿತ್ತು. ಅವನು ಎದ್ದುನಿಂತ.

"ಅಕ್ಕಾ, ಸಾಕು. ಇವರಿಗೆ ಎಲ್ಲ ಗೊತ್ತು. ಹೋದ ವಾರ ನಾನೇ ಹೇಳಿದೆ. ಅದು ನಿನ್ನ ಮಾತು ಅಂತ."

ಅಕ್ಕ ಮಾತು ನಿಲ್ಲಿಸಿದಳು. ಅವನನ್ನು, ಆಮೇಲೆ ತಲೆ ತಗ್ಗಿಸಿ ಕೂತ ಮೂವರನ್ನು ನೋಡಿದಳು. ಎಲ್ಲರಿಗೂ ಗೊತ್ತಿರುವ ಸುಳ್ಳನ್ನು ಎಲ್ಲರ ಮುಂದೆ ತಾನೊಬ್ಬಳೇ ನಿಂತು ಹೇಳಿದ್ದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಕತ್ತಿನಿಂದ ಕೆಂಪು ಮೇಲೇರಿತು. ನಾಚಿಕೆಪಡಬೇಕಾದವನು ಅವನು, ಮುಖ ಕೆಂಪಾದದ್ದು ಅವಳದು.

"ಇವರಿಗೆ ಹೇಳೋಕೆ ಧೈರ್ಯ ಬಂತು ನಿನಗೆ" ಎಂದಳು. "ಬಸ್ ಸ್ಟಾಪಲ್ಲಿ ನಾನು ಕೇಳಿದೆ. ನಾನೇ ಕೇಳಿದೆ ಮರಿ."

"ತಪ್ಪಾಯ್ತು ಅಕ್ಕಾ."

ಅವಳು ಅದಕ್ಕೆ ಪರವಾಗಿಲ್ಲ ಎನ್ನಲಿಲ್ಲ. ಇಡೀ ಬದುಕು ಪರವಾಗಿಲ್ಲ ಎಂದೇ ಬಂದವಳು, ಆ ಪದಕ್ಕಾಗಿ ಎಲ್ಲರೂ ಕಾದರೂ ಹೇಳಲಿಲ್ಲ. ಟೀ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ಟೀಚರಮ್ಮನ ಕಡೆ ತಿರುಗಿ, "ನಿಮ್ಮ ನಕ್ಷೆ ಕೊಡಿ ಇಲ್ಲಿ" ಎಂದಳು. "ಇದರಲ್ಲಿ ಹಿತ್ತಲ ಬಾಗಿಲು ತಪ್ಪಾಗಿದೆ. ಅವಳು ಬರೋದು ಅಲ್ಲಿಂದ."

ಮುಕ್ಕಾಲು ಗಂಟೆ ಮಾತಾಡಿದಳು. ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಹಿಡಿಯದೆ ಉಳಿದದ್ದೆಲ್ಲ ಬಂತು. ಕಂಡಕ್ಟರ್ ಅಡ್ಡ ಬಂದಾಗ ಅವನನ್ನು ಜಾಡಿಸಿದಳು, ಬೇಕರಿಯವರು ಮಗುವಿನ ಕಂತಿನ ಪರ ನಿಂತಾಗ ಮೊದಲು ಜಗಳವಾಡಿ, ಆಮೇಲೆ ಅರ್ಧ ಒಪ್ಪಿಕೊಂಡಳು. ಕನ್ನಡಕದವನು ಒಂದು ಮೂಲೆಯಲ್ಲಿ ನಿಂತು ಕೇಳಿದ. ಅವನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನ ಬಳಿ ಇರಲಿಲ್ಲ.

ಮರುದಿನ ಅವನು ಮುಂದಿನ ಕಂತನ್ನು ತಾನೇ ನೋಡಿದ. ನಿದ್ದೆ ಬಂದಾಗ ಮುಖ ತೊಳೆದು ಬಂದು ನೋಡಿದ. ಸೋಫಾದ ಹಿಂದೆ, ಕಿಟಕಿಯ ಮೂಲೆಯಲ್ಲಿ ಏನಾದರೂ ಇದೆಯೇ ಎಂದು ಎರಡೆರಡು ಸಲ ಹುಡುಕಿದ. ಏನೋ ಒಂದು ಹೊಳೆದಂತೆಯೂ ಆಯಿತು. ಅದನ್ನು ಅಕ್ಕನಿಗೆ ಹೇಳಬೇಕು, ಅವಳು ನಕ್ಕರೂ ಸರಿ, ಬೈದರೂ ಸರಿ, ಹೇಳಬೇಕು ಎಂದು ಶನಿವಾರಕ್ಕೆ ಕಾದ. ಅವಳ ಬಿಡುವಿನ ಹೊತ್ತಾಯಿತು. ಫೋನ್ ಬರಲಿಲ್ಲ. ಹತ್ತು ನಿಮಿಷ ಕಳೆಯಿತು. ಅವನೇ ಮಾಡಿದ.

ಯಂತ್ರಗಳ ಸದ್ದು ಕೇಳಿಸಿತು. ಅಕ್ಕನ ದನಿಯಲ್ಲಿ ಕೋಪವೇನೂ ಇರಲಿಲ್ಲ. ಊಟ ಆಯಿತೇ ಎಂದು ಕೇಳಿದಳು, ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ಕೇಳಿದಳು, ಬೆನ್ನು ನೋವಿಗೆ ಯಾವುದೋ ಮುಲಾಮು ಹಚ್ಚಿಕೊಳ್ಳಲು ಹೇಳಿದಳು.

"ಅಕ್ಕಾ, ಈ ವಾರದ್ದು ನೋಡಿದ್ಯಾ? ಏನನ್ನಿಸ್ತು?" ಎಂದು ಅವನೇ ಕೇಳಿದ.

"ನೋಡಿದೆ" ಎಂದಳು ಅಕ್ಕ. "ನಾಳೆ ಅಲ್ಲೇ ಹೇಳ್ತೀನಿ ಬಿಡು. ಎಲ್ಲರ ಜೊತೆ ಕೇಳಿಸ್ಕೋ."